ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ದುರಸ್ತಿ

ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ದುರಸ್ತಿ ಎಂದರೆ ಬೇರೊಬ್ಬರು ಬಳಸಿದ, ಗುಂಡಿ ತಿರುಗಿಸಿದರೂ ಚಾಲೂ ಆಗದ ಬಾನುಲಿ ಗ್ರಾಹಕವನ್ನು ಪರೀಕ್ಷಿಸಿ, ದೋಷವನ್ನು ಗುರುತಿಸಿ, ಅದನ್ನು ಮತ್ತೆ ಕೆಲಸಕ್ಕೆ ತರುವ ಕ್ರಮ. ರಿಪೇರಿ ಅಂಗಡಿಗಳಲ್ಲಿ ಇಂಥ ರೇಡಿಯೋವನ್ನು ‘ಡೆಡ್ ಸೆಟ್’ ಎನ್ನುವುದುಂಟು. ಹೆಸರು ಹೀಗಿದ್ದರೂ, ದೋಷವು ಹಲವು ವೇಳೆ ಒಳಗಿನ ಸೂಕ್ಷ್ಮ ಭಾಗಗಳಲ್ಲಿ ಇರುವುದಿಲ್ಲ. ಸೆಲ್‌ನಿಂದ ಸರ್ಕ್ಯೂಟ್‌ಗೆ ವಿದ್ಯುತ್ ಸಾಗುವ ದಾರಿಯಲ್ಲಿ ಇರುತ್ತದೆ. ಆದುದರಿಂದ ಪರೀಕ್ಷೆಯನ್ನು ಸೆಲ್‌ನಿಂದಲೇ ಆರಂಭಿಸಿ, ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು, ಖರ್ಚಿನದನ್ನು ಆಮೇಲೆ ಮಾಡುವುದು ಈ ಕೆಲಸದ ಮೂಲ ನಿಯಮ. ಈ ಲೇಖನವು ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಭಾಗಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿದೆ.

ಹಿನ್ನೆಲೆ

ಟ್ರಾನ್ಸಿಸ್ಟರನ್ನು 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿಯಲಾಯಿತು. ಅದನ್ನು ಬಳಸಿದ ಮೊದಲ ವಾಣಿಜ್ಯ ರೇಡಿಯೋ 1954ರಲ್ಲಿ ಮಾರುಕಟ್ಟೆಗೆ ಬಂದಿತು. ಅದಕ್ಕೆ ಮುಂಚಿನ ರೇಡಿಯೋಗಳು ವಾಲ್ವ್‌ಗಳಿಂದ ನಡೆಯುತ್ತಿದ್ದವು. ಅವುಗಳಿಗೆ ಅಧಿಕ ವೋಲ್ಟೇಜ್ ಬೇಕಾಗಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ಎರಡು ಅಥವಾ ನಾಲ್ಕು ಸೆಲ್‌ಗಳಿಂದಲೇ ರೇಡಿಯೋ ನಡೆಯುವಂತಾಯಿತು. ವಿದ್ಯುತ್ ಇಲ್ಲದ ಊರಿಗೂ ಹೊಲಗದ್ದೆಗೂ ರೇಡಿಯೋ ಹೋದದ್ದು ಹೀಗೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1962ರಲ್ಲಿ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯನ್ನು ಆರಂಭಿಸಿತು.

ಮೈಸೂರು ಸೀಮೆಗೆ ಬಾನುಲಿಯೊಡನೆ ಹಳೆಯ ನಂಟಿದೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಈ ಕೇಂದ್ರದಿಂದಲೇ ಮುಂದೆ ದೇಶಕ್ಕೆಲ್ಲ ಹರಡಿತು. ಇಂದು ಮೈಸೂರು ಆಕಾಶವಾಣಿಯು ಎಫ್.ಎಂ. 100.6 ಮೆಗಾಹರ್ಟ್ಸ್‌ನಲ್ಲಿ ಪ್ರಸಾರವಾಗುತ್ತದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಭಾಗವಾಗಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು 2012ರಲ್ಲಿ ‘ಜನಧ್ವನಿ’ ಎಂಬ ಸಮುದಾಯ ಬಾನುಲಿ ಕೇಂದ್ರವನ್ನು ಆರಂಭಿಸಿತು. ಅದರ ತರಂಗಾಂತರ 90.8 ಮೆಗಾಹರ್ಟ್ಸ್.

ಹಿಂದೆ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಪರವಾನಗಿ ಪಡೆಯಬೇಕಾಗಿತ್ತು. ಈ ಪದ್ಧತಿ 1980ರ ದಶಕದಲ್ಲಿ ಕೊನೆಗೊಂಡಿತು. ಹಳೆಯ ಸೆಟ್ಟಿನೊಡನೆ ಪರವಾನಗಿ ಪುಸ್ತಕವೂ ದೊರೆತರೆ, ಅದರ ಮೇಲಿನ ಅಂಚೆ ಮುದ್ರೆಗಳಿಂದ ಸೆಟ್ಟಿನ ಕಾಲವನ್ನು ಅಂದಾಜು ಮಾಡಬಹುದು.

ಪ್ರಾದೇಶಿಕ ಸನ್ನಿವೇಶ

ಈ ನಾಲ್ಕು ತಾಲ್ಲೂಕುಗಳು ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿವೆ. ಪಿರಿಯಾಪಟ್ಟಣವು ಕೊಡಗಿಗೆ ಹೊಂದಿಕೊಂಡಿದೆ. ಹೆಗ್ಗಡದೇವನಕೋಟೆಯ ಗಡಿ ಕೇರಳದ ವಯನಾಡನ್ನು ಮುಟ್ಟುತ್ತದೆ. ನಾಗರಹೊಳೆ ಅರಣ್ಯದ ಅಂಚಿನ ಹಳ್ಳಿಗಳಲ್ಲಿ ಆನೆ, ಹಂದಿಗಳಿಂದ ಬೆಳೆ ಉಳಿಸಿಕೊಳ್ಳಲು ರೈತರು ಅಟ್ಟಣೆ ಕಟ್ಟಿ ರಾತ್ರಿ ಕಾಯುತ್ತಾರೆ. ಹುಣಸೂರು, ಪಿರಿಯಾಪಟ್ಟಣಗಳ ಕಡೆ ತಂಬಾಕು ಹದಮಾಡುವ ಬ್ಯಾರನ್‌ಗಳಲ್ಲಿ ಹಗಲಿರುಳು ಉರಿಯನ್ನು ನೋಡಿಕೊಳ್ಳಬೇಕಾಗುತ್ತದೆ. ಕರೆಂಟು ಇಲ್ಲದಾಗ, ಮೊಬೈಲ್ ಸಿಗ್ನಲ್ ಸಿಗದ ಕಡೆ, ಸೆಲ್ ಹಾಕಿದ ರೇಡಿಯೋ ಸುದ್ದಿಗೂ ಹವಾಮಾನದ ಮುನ್ಸೂಚನೆಗೂ ಸಂಗಾತಕ್ಕೂ ಒದಗುತ್ತದೆ. ಆದುದರಿಂದ ಮನೆಯಲ್ಲಿರುವ ಹಳೆಯ ಸೆಟ್ಟನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಪರೀಕ್ಷಿಸುವುದು ಉಚಿತ.

ಈ ಭಾಗದ ಹವೆಗೂ ಸೆಟ್ಟಿನ ದೋಷಕ್ಕೂ ಸಂಬಂಧವಿದೆ. ಕೊಡಗು ಮತ್ತು ವಯನಾಡಿನ ಅಂಚಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೆಚ್ಚು. ಗಾಳಿಯ ತೇವದಿಂದ ಕಬ್ಬಿಣದ ಸ್ಪ್ರಿಂಗ್‌ಗಳಿಗೆ ತುಕ್ಕು, ತಾಮ್ರ ಮತ್ತು ಹಿತ್ತಾಳೆಯ ಭಾಗಗಳಿಗೆ ಕಿಲುಬು ಹಿಡಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟ ಸೆಟ್ಟಿನೊಳಗೆ ಮಸಿ ಮತ್ತು ಜಿಡ್ಡು ಸೇರುತ್ತವೆ. ಇರುವೆ, ಜಿರಳೆ, ಹಲ್ಲಿಗಳು ಪೆಟ್ಟಿಗೆಯೊಳಗೆ ಬೀಡುಬಿಡುವುದೂ ಸಾಮಾನ್ಯ.

ಕೊಳ್ಳುವಾಗಿನ ಪರೀಕ್ಷೆ

ಸಂತೆಯಲ್ಲಾಗಲಿ ಗುಜರಿ ಅಂಗಡಿಯಲ್ಲಾಗಲಿ ಹಳೆಯ ಸೆಟ್ಟನ್ನು ಕೊಳ್ಳುವವರು ಹೊಸ ಸೆಲ್‌ಗಳನ್ನು ತಾವೇ ಒಯ್ಯುವುದು ಒಳ್ಳೆಯದು. ಸೆಲ್ ಇಲ್ಲದೆ ಪರೀಕ್ಷಿಸಲಾಗದು ಎಂಬ ಮಾತಿಗೆ ಆಗ ಎಡೆಯಿರುವುದಿಲ್ಲ. ಹಣ ಕೊಡುವ ಮುನ್ನ ಗಮನಿಸಬೇಕಾದ ಅಂಶಗಳು ಇವು:

1. ಸೆಲ್ ಇಡುವ ಗೂಡನ್ನು ತೆರೆದು ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ ಎಂದು ನೋಡುವುದು. ಅಲ್ಪಸ್ವಲ್ಪವಿದ್ದರೆ ತೊಳೆದು ತೆಗೆಯಬಹುದು. ಲೋಹದ ಪಟ್ಟಿಯೇ ತಿಂದುಹೋಗಿದ್ದರೆ ಪಟ್ಟಿಯನ್ನು ಬದಲಾಯಿಸಬೇಕು.
2. ಸೆಟ್ಟನ್ನು ಮೆಲ್ಲಗೆ ಅಲುಗಾಡಿಸುವುದು. ಒಳಗೆ ಏನಾದರೂ ಉರುಳಿದ ಸದ್ದು ಬಂದರೆ ಕಳಚಿದ ಸ್ಕ್ರೂ ಅಥವಾ ಮುರಿದ ಆಂಟೆನಾ ದಂಡ ಇರಬಹುದು. ಮಧ್ಯಮ ತರಂಗಕ್ಕೆ ಬಳಸುವ ಕಪ್ಪು ಫೆರೈಟ್ ದಂಡವು ಬಿದ್ದರೆ ಸುಲಭವಾಗಿ ಮುರಿಯುತ್ತದೆ.
3. ಮೂಸಿ ನೋಡುವುದು. ಸುಟ್ಟ ವಾಸನೆ ಇದ್ದರೆ ಒಳಗಿನ ಭಾಗವೊಂದು ಸುಟ್ಟಿದೆ ಎಂದು ತಿಳಿಯಬಹುದು.
4. ಹಿಂಬದಿಯ ಸ್ಕ್ರೂಗಳು ಎಲ್ಲವೂ ಇವೆಯೇ ಎಂದು ನೋಡುವುದು. ಕೆಲವು ಇಲ್ಲದಿದ್ದರೆ ಯಾರೋ ಮೊದಲೇ ಬಿಚ್ಚಿ ಪ್ರಯತ್ನಿಸಿರುವ ಸಾಧ್ಯತೆ ಹೆಚ್ಚು.

ಎರಡು ಬಗೆಯ ಮೌನ

ಸದ್ದು ಮಾಡದ ಸೆಟ್ಟುಗಳೆಲ್ಲ ಒಂದೇ ಬಗೆಯವಲ್ಲ. ಸದ್ದಿನ ಗುಂಡಿಯನ್ನು ಪೂರ್ತಿ ತಿರುಗಿಸಿ ಸ್ಪೀಕರ್‌ಗೆ ಕಿವಿಯಿಟ್ಟು ಕೇಳಬೇಕು. ‘ಸುಯ್’ ಎಂಬ ಸಣ್ಣ ಸದ್ದು ಇದ್ದು ಕೇಂದ್ರಗಳು ಮಾತ್ರ ಸಿಗದಿದ್ದರೆ, ವಿದ್ಯುತ್ತು ಸರ್ಕ್ಯೂಟ್‌ಗೆ ತಲುಪುತ್ತಿದೆ, ಸ್ಪೀಕರ್ ಚೆನ್ನಾಗಿದೆ. ದೋಷ ತರಂಗವನ್ನು ಹಿಡಿಯುವ ಭಾಗದಲ್ಲಿದೆ. ಯಾವ ಸದ್ದೂ ಇಲ್ಲದೆ ದೀಪವೂ ಉರಿಯದಿದ್ದರೆ, ವಿದ್ಯುತ್ತು ತಲುಪುತ್ತಿಲ್ಲ ಎಂದು ಊಹಿಸಬಹುದು. ದೀಪ ಉರಿದು ಸದ್ದು ಪೂರ್ತಿ ಇಲ್ಲದಿದ್ದರೆ ಸ್ಪೀಕರ್, ಇಯರ್‌ಫೋನ್ ಕಿಂಡಿ ಅಥವಾ ಧ್ವನಿವರ್ಧಕ ಭಾಗವನ್ನು ನೋಡಬೇಕು. ಈ ವಿಂಗಡಣೆಯನ್ನು ಮೊದಲೇ ಮಾಡಿಕೊಂಡರೆ ಅನಗತ್ಯವಾಗಿ ಸೆಟ್ಟನ್ನು ಬಿಚ್ಚುವ ಶ್ರಮ ತಪ್ಪುತ್ತದೆ.

ಬೇಕಾಗುವ ಉಪಕರಣಗಳು

ಸ್ಕ್ರೂಡ್ರೈವರ್, ಮಲ್ಟಿಮೀಟರ್, ಸಣ್ಣ ಬ್ರಷ್, ಹತ್ತಿ, ನವಿರಾದ ಸ್ಯಾಂಡ್ ಪೇಪರ್, 25 ವ್ಯಾಟ್‌ನ ಸೋಲ್ಡರಿಂಗ್ ಐರನ್, ಬೆಸುಗೆ ತಂತಿ ಇವಿಷ್ಟು ಸಾಕು. ಬಿಚ್ಚಿದ ಸ್ಕ್ರೂಗಳನ್ನು ಬಟ್ಟಲಿನಲ್ಲಿ ಹಾಕಿಡಬೇಕು. ತಂತಿಗಳನ್ನು ಬಿಡಿಸುವ ಮುನ್ನ ಯಾವ ಬಣ್ಣದ ತಂತಿ ಎಲ್ಲಿಗೆ ಹೋಗಿದೆ ಎಂದು ಕಾಗದದಲ್ಲಿ ಚಿತ್ರ ಬರೆದುಕೊಳ್ಳುವುದು ಅಥವಾ ಮೊಬೈಲ್‌ನಲ್ಲಿ ಚಿತ್ರ ತೆಗೆದುಕೊಳ್ಳುವುದು ಅವಶ್ಯಕ.

ಪರೀಕ್ಷೆಯ ಕ್ರಮ

ಸೆಲ್‌ಗಳು

ಸಾಮಾನ್ಯ ಸೆಲ್‌ನ ವೋಲ್ಟೇಜ್ 1.5. ಹೊಸ ಸೆಲ್ ಇದಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ. ಸೆಟ್ಟನ್ನು ಚಾಲೂ ಮಾಡಿದಾಗ ಒಂದು ಸೆಲ್ 1.1 ವೋಲ್ಟ್‌ಗಿಂತ ಕೆಳಗಿಳಿದರೆ ಅದು ಮುಗಿದಿದೆ ಎಂದು ತಿಳಿಯಬೇಕು. ನಾಲ್ಕು ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ ಒಟ್ಟು 6 ವೋಲ್ಟ್ ದೊರೆಯುತ್ತದೆ. ಅವುಗಳಲ್ಲಿ ಒಂದನ್ನು ತಿರುವುಮುರುವಾಗಿ ಇಟ್ಟರೆ ಮೂರು ಸೆಲ್‌ಗಳ 4.5 ವೋಲ್ಟ್‌ನಿಂದ 1.5 ಕಳೆದು ಕೇವಲ 3 ವೋಲ್ಟ್ ಉಳಿಯುತ್ತದೆ. ಸೆಟ್ಟು ಚಾಲೂ ಆಗುವುದಿಲ್ಲ. ಹಳೆಯ ಮತ್ತು ಹೊಸ ಸೆಲ್‌ಗಳನ್ನು ಬೆರೆಸಿ ಹಾಕಬಾರದು. ಹಳೆಯದು ಬೇಗ ಬರಿದಾಗಿ ಸೋರುತ್ತದೆ.

ಸ್ಪ್ರಿಂಗ್ ಮತ್ತು ಪಟ್ಟಿಗಳು

ಸೋರಿದ ಸೆಲ್‌ನ ರಸವು ಲೋಹದ ಮೇಲೆ ಪುಡಿಯಾಗಿ ಕಟ್ಟಿ ವಿದ್ಯುತ್ತನ್ನು ತಡೆಯುತ್ತದೆ. ಅಗ್ಗದ ಸತು–ಇಂಗಾಲ ಸೆಲ್‌ನ ಸೋರಿಕೆ ಆಮ್ಲ ಗುಣದ್ದು. ಅದನ್ನು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಆಲ್ಕಲೈನ್ ಸೆಲ್‌ನ ಸೋರಿಕೆ ಕ್ಷಾರ ಗುಣದ್ದು. ಅದಕ್ಕೆ ನಿಂಬೆರಸ ಅಥವಾ ವಿನಿಗರ್ ಸೂಕ್ತ. ಎರಡರಲ್ಲಿಯೂ ಕೊನೆಗೆ ಶುದ್ಧ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಲೋಹ ಹೊಳೆಯುವವರೆಗೆ ಸ್ಯಾಂಡ್ ಪೇಪರ್‌ನಿಂದ ಉಜ್ಜಬೇಕು. ಪುಡಿಯನ್ನು ಬರಿಗೈಯಿಂದ ಮುಟ್ಟಬಾರದು, ಬಾಯಿಂದ ಊದಬಾರದು. ಒತ್ತಡ ಕಳೆದುಕೊಂಡ ಸ್ಪ್ರಿಂಗನ್ನು ಮೆಲ್ಲಗೆ ಎಳೆದು ಉದ್ದ ಮಾಡಿದರೆ ಸೆಲ್ಲನ್ನು ಮತ್ತೆ ಬಿಗಿಯಾಗಿ ಹಿಡಿಯುತ್ತದೆ.

ತಂತಿಗಳು

ಗೂಡಿನಿಂದ ಹೊರಡುವ ತಂತಿಗಳಲ್ಲಿ ಸಾಮಾನ್ಯವಾಗಿ ಕೆಂಪು ಧನ ಧ್ರುವದ್ದು, ಕಪ್ಪು ಋಣ ಧ್ರುವದ್ದು. ಸ್ಪ್ರಿಂಗ್‌ಗೆ ಬೆಸೆದ ಜಾಗದಲ್ಲಿ ತಂತಿ ಒಳಗೇ ಕೊಳೆತು, ಹೊದಿಕೆ ಮಾತ್ರ ಉಳಿದಿರುವುದುಂಟು. ಕಣ್ಣಿಗೆ ಸರಿಯಾಗಿ ಕಂಡರೂ ಮಲ್ಟಿಮೀಟರ್‌ನಿಂದ ತಂತಿಯ ಎರಡೂ ತುದಿಗಳನ್ನು ಪರೀಕ್ಷಿಸಬೇಕು.

ಅಡಾಪ್ಟರ್ ಕಿಂಡಿ

ಹೊರಗಿನ ಅಡಾಪ್ಟರ್ ಚುಚ್ಚುವ ಕಿಂಡಿಯೊಳಗೆ ಸಣ್ಣ ಲೋಹದ ನಾಲಿಗೆಯೊಂದಿರುತ್ತದೆ. ಪಿನ್ ಚುಚ್ಚಿದಾಗ ಅದು ಸರಿದು ಸೆಲ್‌ಗಳ ಸಂಪರ್ಕವನ್ನು ಕಡಿಯುತ್ತದೆ. ತೆಗೆದಾಗ ಮತ್ತೆ ಕೂಡಿಸುತ್ತದೆ. ನಾಲಿಗೆ ಬಾಗಿಹೋಗಿದ್ದರೆ ಅಥವಾ ಕಿಲುಬು ಹಿಡಿದಿದ್ದರೆ ಹೊಸ ಸೆಲ್ ಹಾಕಿದರೂ ಸೆಟ್ಟು ಚಾಲೂ ಆಗದು. ಪಿನ್ನನ್ನು ಹತ್ತಾರು ಸಲ ಒಳಗೆ ಹಾಕಿ ಹೊರಗೆ ತೆಗೆದರೆ ಕೆಲವೊಮ್ಮೆ ಅಷ್ಟರಿಂದಲೇ ಸರಿಹೋಗುತ್ತದೆ. ಬದಲಿ ಅಡಾಪ್ಟರ್ ಬಳಸುವಾಗ ಅದರ ವೋಲ್ಟೇಜ್ ಸೆಟ್ಟಿನ ಮೇಲೆ ಬರೆದಷ್ಟೇ ಇರಬೇಕು. ಪಿನ್ನಿನ ನಡುಭಾಗ ಧನವೋ ಋಣವೋ ಎಂಬ ಗುರುತೂ ಹೊಂದಬೇಕು. ಧ್ರುವ ಅದಲುಬದಲಾದರೆ ಒಳಗಿನ ಭಾಗಗಳು ಕ್ಷಣದಲ್ಲಿ ಕೆಡಬಹುದು.

ಸ್ವಿಚ್ಚು

ಹಲವು ಸೆಟ್ಟುಗಳಲ್ಲಿ ಸದ್ದಿನ ಗುಂಡಿಯಲ್ಲಿಯೇ ಸ್ವಿಚ್ಚು ಇರುತ್ತದೆ. ತಿರುಗಿಸಿದಾಗ ‘ಟಿಕ್’ ಎನ್ನುತ್ತದೆ. ಆ ಸದ್ದು ಬಂದ ಮಾತ್ರಕ್ಕೆ ಸಂಪರ್ಕ ಕೂಡಿತೆಂದು ಹೇಳಲಾಗದು. ಸೆಲ್ ತೆಗೆದು, ಸ್ವಿಚ್ಚಿನ ಎರಡು ಕಾಲುಗಳ ನಡುವಿನ ರೋಧವನ್ನು ಅಳೆಯಬೇಕು. ಚಾಲೂ ಸ್ಥಿತಿಯಲ್ಲಿ ಅದು ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಗುಂಡಿಯನ್ನು ಹಲವು ಸಲ ತಿರುಗಿಸಬೇಕು. ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಹಾಕಬಾರದು. ಎಣ್ಣೆಯ ಜಿಡ್ಡಿಗೆ ಧೂಳು ಅಂಟಿಕೊಂಡು ದೋಷ ಹೆಚ್ಚುತ್ತದೆ.

ಇಯರ್‌ಫೋನ್ ಕಿಂಡಿ ಮತ್ತು ಸ್ಪೀಕರ್

ಇಯರ್‌ಫೋನ್ ಕಿಂಡಿಯೂ ಅಡಾಪ್ಟರ್ ಕಿಂಡಿಯಂತೆಯೇ ಕೆಲಸ ಮಾಡುತ್ತದೆ. ಪಿನ್ ಹಾಕಿದಾಗ ಸ್ಪೀಕರ್‌ನ ಸಂಪರ್ಕ ತಪ್ಪುತ್ತದೆ. ಅದರ ನಾಲಿಗೆ ಸಿಕ್ಕಿಕೊಂಡಿದ್ದರೆ ಚಾಲೂ ಇರುವ ಸೆಟ್ಟೂ ನಿರ್ಜೀವವಾಗಿ ತೋರುತ್ತದೆ. ಸ್ಪೀಕರನ್ನು ಪರೀಕ್ಷಿಸಲು, ಅದರ ಒಂದು ತಂತಿಯನ್ನು ಬಿಡಿಸಿ, ಒಂದು ಸೆಲ್ಲನ್ನು ಅದರ ಎರಡು ತುದಿಗಳಿಗೆ ಅರೆಕ್ಷಣ ಮುಟ್ಟಿಸಬೇಕು. ‘ಟಕ್’ ಎಂದರೆ ಸ್ಪೀಕರ್ ಸರಿಯಿದೆ.

ವಿದ್ಯುತ್ ಪ್ರವಾಹದ ಅಳತೆ

ಮೇಲಿನ ಹಂತಗಳಲ್ಲಿ ದೋಷ ಸಿಗದಿದ್ದರೆ ಸೆಟ್ಟು ಎಷ್ಟು ಪ್ರವಾಹ ಎಳೆಯುತ್ತಿದೆ ಎಂದು ಅಳೆಯಬೇಕು. ಸೆಲ್ ಹಾಕಿ, ಸ್ವಿಚ್ಚನ್ನು ಬಂದ್ ಮಾಡಿದ ಸ್ಥಿತಿಯಲ್ಲಿ, ಮಲ್ಟಿಮೀಟರನ್ನು ನೇರ ಪ್ರವಾಹದ ಅಳತೆಗೆ ಇಟ್ಟು, ಅದರ ಎರಡು ಕಡ್ಡಿಗಳನ್ನು ಸ್ವಿಚ್ಚಿನ ಎರಡು ಕಾಲುಗಳಿಗೆ ಮುಟ್ಟಿಸಬೇಕು. ಆಗ ಪ್ರವಾಹವು ಮೀಟರ್‌ನ ಮೂಲಕವೇ ಸಾಗುತ್ತದೆ. ಮೊದಲು 10 ಆಂಪಿಯರ್ ಕಿಂಡಿಯನ್ನು ಬಳಸಿ, ಪ್ರವಾಹ ಕಡಿಮೆಯೆಂದು ಖಚಿತವಾದ ಮೇಲೆ ಮಿಲಿ ಆಂಪಿಯರ್ ಅಳತೆಗೆ ಇಳಿಯಬೇಕು. ಫಲಿತಾಂಶ ಮೂರು ಬಗೆ:

ಪ್ರವಾಹ ಸೊನ್ನೆಯಾದರೆ ದಾರಿಯಲ್ಲಿ ಎಲ್ಲಿಯೋ ತುಂಡಾಗಿದೆ. ತಂತಿ, ಬೆಸುಗೆ ಮತ್ತು ಬೋರ್ಡಿನ ತಾಮ್ರದ ಗೆರೆಗಳನ್ನು ನೋಡಬೇಕು.

ಸಣ್ಣ ಸೆಟ್ಟು ಕಡಿಮೆ ಸದ್ದಿನಲ್ಲಿ ಸುಮಾರು 10ರಿಂದ 40 ಮಿಲಿ ಆಂಪಿಯರ್ ಎಳೆಯುತ್ತದೆ. ಇಷ್ಟು ಇದ್ದರೆ ವಿದ್ಯುತ್ ಪೂರೈಕೆ ಸರಿಯಿದೆ. ಸದ್ದಿನ ದಾರಿಯನ್ನು ನೋಡಬೇಕು.

ನೂರಾರು ಮಿಲಿ ಆಂಪಿಯರ್ ಇದ್ದರೆ ಒಳಗೆ ಶಾರ್ಟ್ ಆಗಿದೆ. ಕೂಡಲೇ ಕಡ್ಡಿಗಳನ್ನು ತೆಗೆಯಬೇಕು. ಉಬ್ಬಿದ ಕೆಪಾಸಿಟರ್, ಕೆಟ್ಟ ಡಯೋಡ್ ಅಥವಾ ಬಿಸಿಯಾಗುವ ಔಟ್‌ಪುಟ್ ಟ್ರಾನ್ಸಿಸ್ಟರ್ ಇದಕ್ಕೆ ಸಾಮಾನ್ಯ ಕಾರಣ.

ಬೋರ್ಡು

ಬಿದ್ದ ಸೆಟ್ಟಿನ ಬೋರ್ಡಿನಲ್ಲಿ ಕೂದಲೆಳೆಯಂಥ ಬಿರುಕು ಇರಬಹುದು. ಭೂತಗನ್ನಡಿಯಿಂದ ಬೆಳಕಿನಲ್ಲಿ ನೋಡಬೇಕು. ಬೆಸುಗೆಯ ಸುತ್ತ ಉಂಗುರದಂಥ ಗೆರೆ ಕಂಡರೆ ಅದು ಸಡಿಲವಾಗಿದೆ. ಹೊಸ ಬೆಸುಗೆ ಹಾಕಿದರೆ ಸರಿಹೋಗುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ವರ್ಷಗಳು ಕಳೆದಂತೆ ಒಣಗುತ್ತವೆ. ಬದಲಾಯಿಸುವಾಗ ಧನ–ಋಣ ಗುರುತನ್ನು ತಪ್ಪಬಾರದು. ವೋಲ್ಟೇಜ್ ಮೊದಲಿನಷ್ಟೇ ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಹಳೆಯ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳು ಶಾಖವನ್ನು ತಾಳುವುದಿಲ್ಲ; ಬೆಸೆಯುವಾಗ ಕಾಲನ್ನು ಇಕ್ಕಳದಿಂದ ಹಿಡಿದುಕೊಂಡರೆ ಶಾಖ ಇಕ್ಕಳಕ್ಕೆ ಹರಿಯುತ್ತದೆ.

ಮಾಡಬಾರದ ಕೆಲಸಗಳು

ಬೋರ್ಡಿನ ಮೇಲೆ ಹಳದಿ, ಬಿಳಿ, ಕಪ್ಪು ಬಣ್ಣದ ತಿರುಪುಗಳುಳ್ಳ ಸಣ್ಣ ಲೋಹದ ಡಬ್ಬಿಗಳಿರುತ್ತವೆ. ಇವು ಸಾಮಾನ್ಯವಾಗಿ ಮಧ್ಯಮ ತರಂಗಕ್ಕೆ 455 ಕಿಲೋಹರ್ಟ್ಸ್‌ಗೆ, ಎಫ್.ಎಂ.ಗೆ 10.7 ಮೆಗಾಹರ್ಟ್ಸ್‌ಗೆ ಹೊಂದಿಸಿದ ಸುರುಳಿಗಳು. ಚಾಲೂ ಆಗದಿರುವುದಕ್ಕೂ ಇವುಗಳಿಗೂ ಸಂಬಂಧವಿಲ್ಲ. ಸಡಿಲವಾಗಿದೆಯೆಂದು ತಿರುಪನ್ನು ಬಿಗಿ ಮಾಡಿದರೆ ಹೊಂದಿಕೆ ತಪ್ಪುತ್ತದೆ. ಮುಂದೆ ಸೆಟ್ಟು ಚಾಲೂ ಆದರೂ ಕೇಂದ್ರಗಳು ಸರಿಯಾಗಿ ಸಿಗುವುದಿಲ್ಲ. ಅದನ್ನು ಮತ್ತೆ ಹೊಂದಿಸಲು ಸಿಗ್ನಲ್ ಜನರೇಟರ್ ಬೇಕಾಗುತ್ತದೆ. ಐದು ನಿಮಿಷದ ದುರಸ್ತಿ ದೊಡ್ಡ ಕೆಲಸವಾಗುವುದು ಬಹಳಮಟ್ಟಿಗೆ ಇಲ್ಲಿಯೇ.

ನೆನೆದ ಸೆಟ್ಟನ್ನು ಚಾಲೂ ಮಾಡಿ ನೋಡಬಾರದು. ಸೆಲ್ ತೆಗೆದು, ಹಿಂಬದಿ ಬಿಚ್ಚಿ, ಗಾಳಿಯಾಡುವ ನೆರಳಿನಲ್ಲಿ ಕೆಲವು ದಿನ ಒಣಗಿಸಬೇಕು. ಒಲೆಯ ಬಳಿ ಇಟ್ಟರೆ ಪ್ಲಾಸ್ಟಿಕ್ ಬಾಗುತ್ತದೆ, ಸುರುಳಿಗಳ ಮೇಣ ಕರಗುತ್ತದೆ.

ಸುರಕ್ಷತೆ

ಸೆಲ್‌ನಿಂದ ಮಾತ್ರ ನಡೆಯುವ ಸೆಟ್ಟು ವಿದ್ಯಾರ್ಥಿಗಳು ಬಿಚ್ಚಿ ಕಲಿಯಲು ಸುರಕ್ಷಿತ. ಉಳಿದವುಗಳಲ್ಲಿ ಎಚ್ಚರಿಕೆ ಅಗತ್ಯ.

ಕರೆಂಟಿನ ವೈರು ಇರುವ ಸೆಟ್ಟಿನಲ್ಲಿ 230 ವೋಲ್ಟ್ ಒಳಗೆ ಬರುತ್ತದೆ. ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮೇಲೆಯೇ ಹಿಂಬದಿ ಬಿಚ್ಚಬೇಕು. ಗೋಡೆಯ ಸ್ವಿಚ್ಚು ಬಂದ್ ಮಾಡಿದರೆ ಸಾಲದು. ಅನುಭವಿ ರಿಪೇರಿಗಾರರು ಇಂಥ ಸೆಟ್ಟನ್ನು ಮೊದಲ ಸಲ ಚಾಲೂ ಮಾಡುವಾಗ ತಂತು ಇರುವ ಹಳೆಯ ಬಗೆಯ ಬಲ್ಬನ್ನು ಸಾಲಿನಲ್ಲಿ ಜೋಡಿಸುತ್ತಾರೆ; ಇದಕ್ಕೆ ಸೀರೀಸ್ ಬೋರ್ಡ್ ಎಂದು ಹೆಸರು. ಬಲ್ಬು ಪೂರ್ಣ ಪ್ರಕಾಶದಿಂದ ಉರಿದರೆ ಸೆಟ್ಟಿನಲ್ಲಿ ಶಾರ್ಟ್ ಇದೆ ಎಂದರ್ಥ.

ವಾಲ್ವ್ ಸೆಟ್ಟುಗಳಲ್ಲಿ ಅಪಾಯ ಇನ್ನೂ ಹೆಚ್ಚು. ಅವುಗಳ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಟ್ರಾನ್ಸ್‌ಫಾರ್ಮರ್ ಇಲ್ಲದ ಕೆಲವು ಮಾದರಿಗಳಲ್ಲಿ ಲೋಹದ ಚೌಕಟ್ಟೇ ಕರೆಂಟಿನ ತಂತಿಗೆ ಸೇರಿರುತ್ತದೆ. ಇವನ್ನು ಬಲ್ಲವರಿಗೇ ಬಿಡಬೇಕು. ಹಿರಿಯರ ನೆನಪಿನ ವಾಲ್ವ್ ಸೆಟ್ಟನ್ನು ‘ಒಮ್ಮೆ ನೋಡೋಣ’ ಎಂದು ನೇರವಾಗಿ ಪ್ಲಗ್ಗಿಗೆ ಹಾಕುವುದು ಮನುಷ್ಯರಿಗೂ ಸೆಟ್ಟಿಗೂ ಕೇಡು.

ಯು.ಎಸ್.ಬಿ. ಚಾರ್ಜಿಂಗ್ ಇರುವ ಇತ್ತೀಚಿನ ಸಣ್ಣ ಸೆಟ್ಟುಗಳಲ್ಲಿ 3.7 ವೋಲ್ಟ್‌ನ ಲಿಥಿಯಂ ಬ್ಯಾಟರಿ ಇರುತ್ತದೆ. ಹಳೆಯ ಮೊಬೈಲ್ ಫೋನುಗಳ ಬಿಎಲ್-5ಸಿ ಮಾದರಿಯ ಬ್ಯಾಟರಿ ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಬಹುಕಾಲ ಬಿಟ್ಟ ಬ್ಯಾಟರಿಯ ವೋಲ್ಟೇಜ್ ಬಹಳ ಕೆಳಗಿಳಿದು ಸೆಟ್ಟು ಚಾಲೂ ಆಗದಿರಬಹುದು. ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಒತ್ತಬಾರದು, ಚುಚ್ಚಬಾರದು, ಅದು ಹೊತ್ತಿಕೊಳ್ಳಬಹುದು. ಅದೇ ಅಳತೆಯ ಹೊಸ ಬ್ಯಾಟರಿ ಹಾಕಬೇಕು.

ದುರಸ್ತಿಯ ನಂತರದ ಪರೀಕ್ಷೆ

ಚಾಲೂ ಆದ ಸೆಟ್ಟಿನಲ್ಲಿ ಎಫ್.ಎಂ. ಪಟ್ಟಿಯನ್ನು ಮೊದಲು ಪರೀಕ್ಷಿಸಬೇಕು. ಆಂಟೆನಾವನ್ನು ಪೂರ್ತಿ ಎಳೆದು ಮೈಸೂರು ಆಕಾಶವಾಣಿಯ 100.6ಕ್ಕೆ ಹೊಂದಿಸಬೇಕು. ಪಿರಿಯಾಪಟ್ಟಣದ ಕಡೆಯವರು ಮಡಿಕೇರಿ ಆಕಾಶವಾಣಿಯ 103.1ನ್ನು, ಸರಗೂರಿನ ಸುತ್ತಲಿನವರು ಜನಧ್ವನಿಯ 90.8ನ್ನು ಪ್ರಯತ್ನಿಸಬಹುದು. ಸಮುದಾಯ ಬಾನುಲಿಯ ಶಕ್ತಿ ಕಡಿಮೆಯಾದುದರಿಂದ ದೂರದ ಊರಿನಲ್ಲಿ ಅದು ಸಿಗದಿದ್ದರೆ ಸೆಟ್ಟಿನ ದೋಷವೆಂದು ಭಾವಿಸಬಾರದು. ಮಧ್ಯಮ ತರಂಗಕ್ಕೆ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಸೂಕ್ತ. ಇಲ್ಲಿ ಎಳೆಯುವ ಆಂಟೆನಾ ಕೆಲಸಕ್ಕೆ ಬಾರದು. ಫೆರೈಟ್ ದಂಡ ಒಳಗೇ ಇರುವುದರಿಂದ ಸೆಟ್ಟನ್ನೇ ನಿಧಾನವಾಗಿ ತಿರುಗಿಸಿ ಸದ್ದು ಸ್ಪಷ್ಟವಾಗುವ ದಿಕ್ಕನ್ನು ಕಂಡುಕೊಳ್ಳಬೇಕು. ಹತ್ತಿರದ ಎಲ್.ಇ.ಡಿ. ಬಲ್ಬು ಮತ್ತು ಮೊಬೈಲ್ ಚಾರ್ಜರ್‌ಗಳು ಗರಗರ ಸದ್ದು ತರುವುದರಿಂದ ಅವುಗಳನ್ನು ಆರಿಸಿ ಪರೀಕ್ಷಿಸುವುದು ಒಳಿತು.

ಅರ್ಧ ಗಂಟೆ ಸತತವಾಗಿ ನಡೆಸಿ, ಯಾವ ಭಾಗವೂ ಬಿಸಿಯಾಗುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಪೆಟ್ಟಿಗೆಯನ್ನು ಮುಚ್ಚಬೇಕು.

ದುರಸ್ತಿಯ ಮಿತಿ ಮತ್ತು ವಿಲೇವಾರಿ

ಸೆಲ್, ಸ್ಪ್ರಿಂಗ್, ತಂತಿ, ಸ್ವಿಚ್ಚು, ಕಿಂಡಿ ಮತ್ತು ಸ್ಪೀಕರ್‌ಗಳ ದೋಷವನ್ನು ಮನೆಯಲ್ಲಿಯೇ ಸರಿಪಡಿಸಬಹುದು. ಮುಖ್ಯ ಐ.ಸಿ. ಕೆಟ್ಟಿದ್ದರೆ, ಶ್ರುತಿ ಹೊಂದಿಸುವ ಕೆಪಾಸಿಟರ್ ಮುರಿದಿದ್ದರೆ ಅಥವಾ ಬೋರ್ಡಿನ ಗೆರೆಗಳೇ ಕೊಳೆತಿದ್ದರೆ ಅನುಭವಿ ರಿಪೇರಿಗಾರರ ಸಲಹೆ ಪಡೆಯಬೇಕು. ಅಂಥ ಸೆಟ್ಟೂ ವ್ಯರ್ಥವಲ್ಲ. ಅದರ ಸ್ಪೀಕರ್, ಗುಂಡಿ, ಫೆರೈಟ್ ದಂಡ, ಆಂಟೆನಾಗಳು ಇನ್ನೊಂದು ಸೆಟ್ಟಿಗೆ ಒದಗುತ್ತವೆ. ಹಳೆಯ ಮಾದರಿಗಳ ಬಿಡಿಭಾಗ ಹೊಸದಾಗಿ ಸಿಗುವುದು ಕಷ್ಟವಾದುದರಿಂದ ರಿಪೇರಿ ಅಂಗಡಿಗಳವರು ಕೆಟ್ಟ ಸೆಟ್ಟುಗಳನ್ನು ಎತ್ತಿಡುತ್ತಾರೆ.

ಉಳಿದದ್ದನ್ನು ತಿಪ್ಪೆಗೆ ಎಸೆಯಬಾರದು, ಸುಡಲೂಬಾರದು. ಹಳೆಯ ಬೆಸುಗೆಯಲ್ಲಿ ಸೀಸವಿದೆ. ತಂತಿಯ ಹೊದಿಕೆ ಸುಟ್ಟರೆ ವಿಷಾನಿಲ ಹೊರಡುತ್ತದೆ. ಭಾರತದಲ್ಲಿ ಇ–ತ್ಯಾಜ್ಯದ ನಿರ್ವಹಣೆಗೆ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಇಂಥ ವಸ್ತುಗಳನ್ನು ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕೆಂಬುದು ಅವುಗಳ ಆಶಯ.

ಸಂರಕ್ಷಣೆ

ಸೆಟ್ಟನ್ನು ಒಂದು ತಿಂಗಳಿಗಿಂತ ಹೆಚ್ಚು ಬಳಸುವುದಿಲ್ಲವಾದರೆ ಸೆಲ್‌ಗಳನ್ನು ತೆಗೆದಿಡಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಸ್ವಲ್ಪ ಹೊತ್ತು ಚಾಲೂ ಮಾಡಿ, ಗುಂಡಿಗಳನ್ನು ತಿರುಗಿಸಿದರೆ ಸಂಪರ್ಕಗಳಿಗೆ ಕಿಲುಬು ಹಿಡಿಯುವುದು ಕಡಿಮೆಯಾಗುತ್ತದೆ. ಒಲೆ, ನೀರಿನ ತೊಟ್ಟಿ ಮತ್ತು ನೇರ ಬಿಸಿಲಿನಿಂದ ದೂರವಿಟ್ಟ ಟ್ರಾನ್ಸಿಸ್ಟರ್ ರೇಡಿಯೋ ಹಲವು ದಶಕಗಳ ಕಾಲ ಕೆಲಸ ಮಾಡಬಲ್ಲದು.